ಆಸ್ಪತ್ರೆ ಕಟ್ಟಡದ ಕಂಪನಿ ಶೇಕಡಾ 9 ಕೊಡುತ್ತದಂತೆ, ನಂಬಬಹುದಾ?

ನೀರ್ಚಾಲಿನ ಮಾವ
ಎಲ್ಲರಿಗೂ ನಮಸ್ಕಾರ. ಅಡಿಕೆ ಬಿಟ್ಟು ಬೇರೆ ವಿಷಯ ಹಾಕುತ್ತಿದ್ದೇನೆ, ಬೈಯಬೇಡಿ.

ಅಕ್ಕನ ಮಗ ಅಬುಧಾಬಿಯಲ್ಲಿದ್ದಾನೆ. ಅಮೆರಿಕದ ಒಂದು ಕಂಪನಿಯ ಶೇರು ಅವನ ತಲೆಗೆ ಹತ್ತಿದೆ. ಆ ಕಂಪನಿ ಆಸ್ಪತ್ರೆ ನಡೆಸುವುದಿಲ್ಲ. ಕಟ್ಟಡ ಮತ್ತು ಜಾಗ ಮಾತ್ರ ಅದರದು. ಬಾಡಿಗೆ ವಸೂಲು ಮಾಡಿ ಶೇರುದಾರರಿಗೆ ಹಂಚುತ್ತದೆ. ರೀಟ್ ಅಂತ ಹೆಸರಂತೆ. ವರ್ಷಕ್ಕೆ ಶೇಕಡಾ 9ರ ಹತ್ತಿರ ಡಿವಿಡೆಂಡ್. "ಮಾವ, ಕಾಯಿಲೆ ನಿಲ್ಲುವುದಿಲ್ಲ, ಆಸ್ಪತ್ರೆ ಮುಚ್ಚುವುದಿಲ್ಲ, ಬಾಡಿಗೆ ತಪ್ಪುವುದಿಲ್ಲ" ಅಂತಾನೆ. ನನ್ನದೂ ಒಂದು ಪಾಲು ಹಾಕಲಿಕ್ಕೆ ಒತ್ತಾಯ.

ನಾನು ಸಹಕಾರಿ ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವ. ಸಾಲ ಕೇಳಲು ಬಂದವನ ಮುಖ ನೋಡಿ ಅಂದಾಜು ಮಾಡಲು ಗೊತ್ತು. ಇಂಥ ಕಂಪನಿಗೆ ಮುಖ ಎಲ್ಲಿರುತ್ತದೆ? ತಿಳಿದವರು ಹೇಳಿ.

ಪೆರ್ಲದ ಹುಡುಗ
9 ಪರ್ಸೆಂಟ್ ಡಾಲರಿನಲ್ಲಾ? ನನಗೂ ಲಿಂಕ್ ಕಳಿಸಿ ಮಾವ 😄

ಮೈಲುತುತ್ತು
ನಮ್ಮ ಸೊಸೈಟಿಯಲ್ಲಿ ಎಫ್‌ಡಿ ಇಟ್ಟು ಸುಮ್ನೆ ಮಲಗಿ ಮಾರಾಯ್ರೆ. ಈ ವಯಸ್ಸಿನಲ್ಲಿ ಅಮೆರಿಕ ಎಂತಕ್ಕೆ?

ಲೆಕ್ಕದಕ್ಕ
ಮಾವ, ನಿಮ್ಮ ಪ್ರಶ್ನೆ ಒಳ್ಳೆಯದುಂಟು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ಇಂಥ ಕಂಪನಿಯ ನಿವ್ವಳ ಲಾಭ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕಟ್ಟಡದ ಸವಕಳಿ ಅಂತ ದೊಡ್ಡ ಮೊತ್ತ ಕಳೆದಿರುತ್ತಾರೆ, ಅದು ಕೈಯಿಂದ ಹೋದ ದುಡ್ಡಲ್ಲ. ಹಾಗಾಗಿ ಅಲ್ಲಿಯವರು ಎಫ್‌ಎಫ್‌ಒ ಅಂತ ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಲಾಭಕ್ಕೆ ಸವಕಳಿ ಸೇರಿಸುವುದು, ಜಾಗ ಮಾರಿ ಬಂದ ಲಾಭವನ್ನು ತೆಗೆಯುವುದು. ಆದರೆ ಅಷ್ಟಕ್ಕೇ ನಿಲ್ಲಬಾರದು. ಎಎಫ್‌ಎಫ್‌ಒ ಅಂತ ಇನ್ನೊಂದು ಉಂಟು. ರಿಪೇರಿಗೆ ಹೋಗುವ ದುಡ್ಡು, ಮತ್ತೆ ಕೈಗೆ ಬಾರದೆ ಪುಸ್ತಕದಲ್ಲಿ ಮಾತ್ರ ಬಂದ ಬಾಡಿಗೆ, ಎರಡನ್ನೂ ಅದರಲ್ಲಿ ಕಳೆಯುತ್ತಾರೆ.

ಪುಸ್ತಕದ ಬಾಡಿಗೆ ಅಂದರೆ ಎಂತ? 15 ವರ್ಷದ ಕರಾರು, ವರ್ಷ ವರ್ಷ ಬಾಡಿಗೆ ಸ್ವಲ್ಪ ಏರುತ್ತದೆ ಅಂತ ಇಟ್ಟುಕೊಳ್ಳಿ. ಲೆಕ್ಕದ ನಿಯಮದಂತೆ 15 ವರ್ಷದ ಒಟ್ಟು ಬಾಡಿಗೆಯನ್ನು ಸಮ ಭಾಗ ಮಾಡಿ ಬರೆಯುತ್ತಾರೆ. ಮೊದಲ ವರ್ಷಗಳಲ್ಲಿ ಬಂದದ್ದು ಕಡಿಮೆ, ಬರೆದದ್ದು ಜಾಸ್ತಿ. ಬಾಡಿಗೆದಾರ ನಡುವೆ ಓಡಿಹೋದರೆ ಆ ಜಾಸ್ತಿ ಬರೆದದ್ದೆಲ್ಲ ಅಳಿಸಬೇಕು.

ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ. ಲಾಭ 10 ಕೋಟಿ. ಸವಕಳಿ 30. ಜಾಗ ಮಾರಿ ಬಂದದ್ದು 5. ಎಫ್‌ಎಫ್‌ಒ 35 ಆಯಿತು. ಅದರಲ್ಲಿ ಕೈಗೆ ಬಾರದ ಬಾಡಿಗೆ 6, ರಿಪೇರಿ 4 ತೆಗೆಯಿರಿ. ಉಳಿದದ್ದು 25. ಡಿವಿಡೆಂಡ್ 28 ಕೊಟ್ಟಿದ್ದರೆ? ಉಳಿದ 3 ಕೋಟಿ ಎಲ್ಲಿಂದ ಬಂತು ಅಂತ ಬ್ಯಾಂಕಿನಲ್ಲಿದ್ದ ನಿಮಗೆ ನಾನು ಹೇಳಬೇಕಾ?

ನೀರ್ಚಾಲಿನ ಮಾವ
ಸಾಲ ಮಾಡಿ ತುಪ್ಪ ಬಡಿಸುವುದು. ಇದು ಅರ್ಥವಾಯಿತು ಅಕ್ಕ.

ಕುಂಬಳೆ ಟ್ರೇಡರ್
ಆದರೆ ರೀಟ್ ಕೊಡಲೇಬೇಕಲ್ಲ. ಅಮೆರಿಕದಲ್ಲಿ ತೆರಿಗೆ ಲೆಕ್ಕದ ಆದಾಯದ ಶೇಕಡಾ 90 ಹಂಚಬೇಕು ಅಂತ ಕಾನೂನೇ ಉಂಟು. ಹಾಗಾಗಿ ಡಿವಿಡೆಂಡ್ ಸೇಫ್.

ಲೆಕ್ಕದಕ್ಕ
ಆದಾಯ ಇದ್ದರೆ 90 ಹಂಚಬೇಕು. ಆದಾಯ ಇರಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಇನ್ನೊಂದು ಕಡೆ ನೋಡಿ. 90 ಹಂಚಿದ ಮೇಲೆ ಕೈಯಲ್ಲಿ ಹೆಚ್ಚು ಉಳಿಯುವುದಿಲ್ಲ. ಹೊಸ ಕಟ್ಟಡ ಬೇಕಾದರೆ ಸಾಲ, ಇಲ್ಲವೇ ಹೊಸ ಶೇರು. ಸಾಲದ ವಾಯಿದೆ ಮುಗಿದರೆ ತೀರಿಸಲು ಮತ್ತೆ ಸಾಲ. ಶೇಕಡಾ 3ಕ್ಕೆ ತೆಗೆದ ಸಾಲವನ್ನು 6-7ಕ್ಕೆ ಹೊಸದು ಮಾಡಬೇಕಾದರೆ ನಡುವಿನ ವ್ಯತ್ಯಾಸ ನಿಮ್ಮ ಡಿವಿಡೆಂಡಿನಿಂದಲೇ ಹೋಗುವುದು. ಯಾವ ವರ್ಷ ಎಷ್ಟು ಸಾಲ ತೀರಬೇಕು ಅಂತ ವಾರ್ಷಿಕ ವರದಿಯಲ್ಲಿ ಪಟ್ಟಿ ಇರುತ್ತದೆ. ಅದನ್ನು ನೋಡದೆ ಮುಂದೆ ಹೋಗಬೇಡಿ.

ಹಳೆ ಮಾಷ್ಟ್ರು
ಇಷ್ಟು ಕಷ್ಟಪಡುವುದು ಬೇಡ. ಇದು ನಮ್ಮ ಊರಿಗೆ ಹೊಸತೇ ಅಲ್ಲ. ಗೇಣಿ ಲೆಕ್ಕ ಇದು.

ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಗ ಮೂಲಗೇಣಿ, ವಾಯಿದೆ ಗೇಣಿ, ಚಾಲಗೇಣಿ ಅಂತ ಇದ್ದವು. ಮೂಲಗೇಣಿ ಶಾಶ್ವತ. ವಾಯಿದೆ ಗೇಣಿಗೆ ಇಷ್ಟು ವರ್ಷ ಅಂತ ಲೆಕ್ಕ. ಚಾಲಗೇಣಿ ಧಣಿ ಬಿಡಿಸುವವರೆಗೆ. ಈ ಆಸ್ಪತ್ರೆ ಕಂಪನಿಯದು ವಾಯಿದೆ ಗೇಣಿ. ರಿಪೇರಿ, ತೆರಿಗೆ, ವಿಮೆ ಎಲ್ಲ ಒಕ್ಕಲಿನ, ಅಂದರೆ ಬಾಡಿಗೆದಾರನ ತಲೆಗೆ. ಧಣಿ ಮನೆಯ ಚಾವಡಿಯಲ್ಲಿ ಕೂತು ಮುಡಿ ಅಕ್ಕಿ ಎಣಿಸುವುದು ಮಾತ್ರ.

ಹಾಗಾದರೆ ಧಣಿಯ ಯೋಗ್ಯತೆ ತಿಳಿಯಬೇಕಾದರೆ ಎಲ್ಲಿಗೆ ಹೋಗಬೇಕು? ಚಾವಡಿಗೆ ಅಲ್ಲ. ಒಕ್ಕಲಿನ ಗದ್ದೆಗೆ. ಗದ್ದೆಯಲ್ಲಿ ಎಷ್ಟು ಬೆಳೆದಿದೆ, ಅದರಲ್ಲಿ ಗೇಣಿಗೆ ಎಷ್ಟು ಹೋಗುತ್ತದೆ, ಒಕ್ಕಲಿನ ಮನೆಗೆ ಊಟಕ್ಕೆ ಉಳಿಯುತ್ತದಾ. ಮಾವ, ನಿಮ್ಮ ಅಳಿಯ ಚಾವಡಿ ನೋಡಿ ಮರುಳಾಗಿದ್ದಾನೆ.

ಲೆಕ್ಕದಕ್ಕ
ಮಾಷ್ಟ್ರೇ, ಕೈ ಮುಗಿದೆ. ಇದಕ್ಕೆ ಅವರು ರೆಂಟ್ ಕವರೇಜ್ ಅಂತಾರೆ. ಬಾಡಿಗೆ ಕಟ್ಟುವ ಮೊದಲು ಆಸ್ಪತ್ರೆಗೆ ಉಳಿಯುವ ದುಡ್ಡು ಬಾಡಿಗೆಯ ಎಷ್ಟು ಪಟ್ಟು ಅನ್ನುವುದು. ಎರಡು, ಎರಡೂವರೆ ಇದ್ದರೆ ಆಸ್ಪತ್ರೆ ಉಸಿರಾಡುತ್ತದೆ. ಒಂದರ ಹತ್ತಿರ ಬಂದರೆ ಬಾಡಿಗೆ ಕಟ್ಟಲು ಔಷಧಿ ಅಂಗಡಿಯವನ ಬಿಲ್ಲು ನಿಲ್ಲಿಸುತ್ತಾರೆ.

ಇದರಲ್ಲೂ ಕಣ್ಕಟ್ಟು ಉಂಟು. ಆಡಳಿತ ನಡೆಸುವ ಫೀ ಕಳೆಯುವ ಮೊದಲಿನ ಲೆಕ್ಕ ತೋರಿಸಿದರೆ ಅಂಕಿ ದಪ್ಪ ಕಾಣುತ್ತದೆ. ಕೊರೊನಾ ಕಾಲದಲ್ಲಿ ಅಮೆರಿಕ ಸರಕಾರ ಆಸ್ಪತ್ರೆಗಳಿಗೆ ನೆರವಿನ ಹಣ ಕೊಟ್ಟಿತು. ಅದನ್ನೂ ಸೇರಿಸಿದರೆ ಇನ್ನೂ ದಪ್ಪ. ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿ ಓದಿ.

ಪೆರ್ಲದ ಹುಡುಗ
ಮುಡಿ ಅಕ್ಕಿ ಅಂದರೆ ಎಷ್ಟು ಕೇಜಿ?

ಹಳೆ ಮಾಷ್ಟ್ರು
ನಿನ್ನ ಅಜ್ಜಿಯನ್ನು ಕೇಳು.

ದುಬೈ ಉಪ್ಪಳ
ನಾನು ಒಂದು ನಿಜವಾದ ಕಥೆ ಹೇಳುತ್ತೇನೆ. ಪೇಪರಿನಲ್ಲೆಲ್ಲ ಬಂದದ್ದೇ.

ಮೆಡಿಕಲ್ ಪ್ರಾಪರ್ಟೀಸ್ ಟ್ರಸ್ಟ್ ಅಂತ ಅಮೆರಿಕದ ಅಲಬಾಮಾದ ಕಂಪನಿ. 2003ರಲ್ಲಿ ಶುರು. 2016ರಲ್ಲಿ ಸ್ಟೀವರ್ಡ್ ಅನ್ನುವ ಆಸ್ಪತ್ರೆ ಸಂಸ್ಥೆಯ ಕಟ್ಟಡಗಳನ್ನು ಸುಮಾರು 125 ಕೋಟಿ ಡಾಲರ್ ವ್ಯವಹಾರದಲ್ಲಿ ಕೊಂಡು ಅವರಿಗೇ ಬಾಡಿಗೆಗೆ ಕೊಟ್ಟರು. ಆಮೇಲೆ ಈ ಕಂಪನಿಯ ಅತಿ ದೊಡ್ಡ ಬಾಡಿಗೆದಾರ ಸ್ಟೀವರ್ಡೇ ಆಯಿತು. ಬಾಡಿಗೆಗೆ ಕೊಟ್ಟದ್ದು ಮಾತ್ರ ಅಲ್ಲ, ಸಾಲವನ್ನೂ ಕೊಟ್ಟರು. 2023ರ ಜನವರಿಯಲ್ಲಿ ವೈಸ್‌ರಾಯ್ ರಿಸರ್ಚ್ ಅನ್ನುವ ಶಾರ್ಟ್ ಸೆಲ್ಲರ್ (ಶೇರಿನ ಬೆಲೆ ಇಳಿದರೆ ಲಾಭ ಮಾಡುವವರು) ಈ ಕಂಪನಿಯ ಮೇಲೆ ಕಟು ವರದಿ ಹಾಕಿತು. ಕಂಪನಿ ಒಪ್ಪಲಿಲ್ಲ. 2023ರ ಆಗಸ್ಟಿನಲ್ಲಿ ಮೂರು ತಿಂಗಳ ಡಿವಿಡೆಂಡ್ 29 ಸೆಂಟಿನಿಂದ 15ಕ್ಕೆ ಇಳಿಯಿತು. 2024ರಲ್ಲಿ 8ಕ್ಕೆ. 2024ರ ಮೇ ತಿಂಗಳಲ್ಲಿ ಸ್ಟೀವರ್ಡ್ ದಿವಾಳಿ ಅರ್ಜಿ ಹಾಕಿತು. 2022ರ ಆರಂಭದಲ್ಲಿ 20 ಡಾಲರಿಗಿಂತ ಮೇಲಿದ್ದ ಶೇರು 2024ರ ಆರಂಭಕ್ಕೆ 5ಕ್ಕಿಂತ ಕೆಳಗೆ.

ಡಿವಿಡೆಂಡ್ ಶೇಕಡಾ 5 ಇದ್ದದ್ದು 10 ಆಯಿತು ಅಂದರೆ ಕಂಪನಿ ಧಾರಾಳ ಆಯಿತು ಅಂತಲ್ಲ. ಹೆಚ್ಚಾಗಿ ಶೇರಿನ ಬೆಲೆ ಅರ್ಧ ಆಗಿರುತ್ತದೆ. ನನಗೆ ಇದು ಇನ್ನೊಂದು ಕಂಪನಿಯಲ್ಲಿ ಅನುಭವಕ್ಕೆ ಬಂತು. ಹೆಸರು ಬೇಡ. ಎಂಟು ತಿಂಗಳ ಸಂಬಳದ ಉಳಿತಾಯ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಪೆರ್ಲದ ಹುಡುಗ
ಇಲ್ಲಿ ಬರೆದಾಯಿತಲ್ಲ ಅಣ್ಣ, ಇನ್ನು ಉಪ್ಪಳಕ್ಕೆಲ್ಲ ಗೊತ್ತಾಗ್ತದೆ.

ಕುಂಬಳೆ ಟ್ರೇಡರ್
ಅರ್ಧ ಕಥೆ ಹೇಳಬೇಡಿ. 2024ರ ಸೆಪ್ಟೆಂಬರಿನಲ್ಲಿ ಒಪ್ಪಂದ ಆಗಿ ಸ್ಟೀವರ್ಡಿನ 15 ಆಸ್ಪತ್ರೆಗಳನ್ನು ಬೇರೆ ನಾಲ್ಕು ಸಂಸ್ಥೆಗಳಿಗೆ ಬಾಡಿಗೆಗೆ ಕೊಟ್ಟರು. ಕಟ್ಟಡ ಎಲ್ಲಿಗೂ ಓಡಿಹೋಗಲಿಲ್ಲ. ಒಕ್ಕಲು ಹೋದರೆ ಬೇರೆ ಒಕ್ಕಲು. ಅದೇ ಅಲ್ವಾ ಜಾಗ ಇದ್ದವನ ಬಲ? ಶಾರ್ಟ್ ಸೆಲ್ಲರ್‌ಗಳು ಹೆದರಿಸಿ ದುಡ್ಡು ಮಾಡುವವರು.

ಲೆಕ್ಕದಕ್ಕ
ಶಾರ್ಟ್ ಸೆಲ್ಲರಿಗೆ ತನ್ನ ಲಾಭ ಉಂಟು, ಒಪ್ಪಿದೆ. ಅವನ ಮಾತನ್ನು ಹಾಗೆಯೇ ನುಂಗಬಾರದು. ಆದರೆ ಹೊಸ ಒಕ್ಕಲು ಮೊದಲ ದಿನದಿಂದ ಪೂರ್ತಿ ಬಾಡಿಗೆ ಕೊಡಲಿಲ್ಲ ಅನ್ನುವುದನ್ನು ನೀವು ಬಿಟ್ಟಿರಿ. ಸ್ವಲ್ಪ ಸ್ವಲ್ಪ ಏರಿಸಿ 2026ರ ಕೊನೆಗೆ ಪೂರ್ತಿ ಆಗುವ ಹಾಗೆ ಕರಾರು. ಅಷ್ಟು ಕಾಲ ಸಾಲದ ಬಡ್ಡಿ ನಿಲ್ಲುತ್ತದಾ? 2025ರ ಜನವರಿಯಲ್ಲಿ ಅವರ ಇನ್ನೊಂದು ಬಾಡಿಗೆದಾರ ಸಂಸ್ಥೆ ಪ್ರಾಸ್ಪೆಕ್ಟ್ ಕೂಡ ದಿವಾಳಿ ಅರ್ಜಿ ಹಾಕಿತು.

ತಲಪಾಡಿ ಗೇಟ್
"ಒಕ್ಕಲು ಹೋದರೆ ಬೇರೆ ಒಕ್ಕಲು" ಅಂತ ಹೇಳುವುದು ಸುಲಭ. ಅಂಗಡಿ ಕೋಣೆಯಾದರೆ ಇವತ್ತು ಬೇಕರಿ, ನಾಳೆ ಮೊಬೈಲ್ ಅಂಗಡಿ. ಆಸ್ಪತ್ರೆ ಕಟ್ಟಡಕ್ಕೆ ಬೇರೆ ಯಾರು ಬರುತ್ತಾರೆ? ಆಪರೇಷನ್ ಥಿಯೇಟರಿನಲ್ಲಿ ಮದುವೆ ಮಾಡಿಸಲಿಕ್ಕೆ ಆಗ್ತದಾ?

ಬಾಡಿಗೆ ಬಾಕಿ ಅಂತ ಆಸ್ಪತ್ರೆಗೆ ಬೀಗ ಹಾಕಲು ಹೋದರೆ ಊರು ಬಿಡುತ್ತದಾ? ನಾವು ಕಂಡವರಲ್ವಾ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ನಮ್ಮ ಜನ ಮಂಗಳೂರಿಗೆ ಹೋಗಲಾಗದೆ ಪಟ್ಟ ಪಾಡು. ನನ್ನ ದೊಡ್ಡಪ್ಪನ ಡಯಾಲಿಸಿಸ್ ಇತ್ತು. ಆ ದಿನಗಳನ್ನು ನೆನೆಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೈಕೋರ್ಟಿನವರೆಗೆ ಹೋಯಿತು ಆ ಕೇಸು.

ಮೈಲುತುತ್ತು
ಅದಕ್ಕೇ ಅಲ್ವಾ ಟಾಟಾದವರು ನಮ್ಮ ಕಾಸರಗೋಡಿನ ತೆಕ್ಕಿಲಿನಲ್ಲಿ ಕಂಟೈನರ್ ಆಸ್ಪತ್ರೆ ಮಾಡಿದ್ದು. ಐನೂರಕ್ಕೂ ಹೆಚ್ಚು ಹಾಸಿಗೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದು, ಕೊರೊನಾ ಬಂದ ಮೇಲೆ ಗಡಿಬಿಡಿಯಲ್ಲಿ ಬಾಗಿಲು ತೆರೆದರು. ಎಂಡೋಸಲ್ಫಾನ್ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಎಷ್ಟು ವರ್ಷ ಮಂಗಳೂರಿಗೆ ಅಲೆದರು. ಕಟ್ಟಡ ಇದ್ದರೆ ಸಾಕಾ? ಒಳಗೆ ಡಾಕ್ಟ್ರು ಬೇಕಲ್ಲ.

ಕುಂಬಳೆ ಟ್ರೇಡರ್
ವಿಷಯ ಎಲ್ಲಿಗೋ ಹೋಯಿತು.

ಹಳೆ ಮಾಷ್ಟ್ರು
ಎಲ್ಲಿಗೂ ಹೋಗಲಿಲ್ಲ. ಮೈಲುತುತ್ತು ಹೇಳಿದ್ದೇ ಸರಿ. ಕಟ್ಟಡದ ಬೆಲೆ ಒಳಗಿನ ಡಾಕ್ಟ್ರಲ್ಲಿ ಉಂಟು.

ಸಿಸ್ಟರ್ ಮುಳ್ಳೇರಿಯ
ನಾನು ಹದಿನೆಂಟು ವರ್ಷ ನರ್ಸ್. ಊರಲ್ಲೂ ಹೊರಗೂ ಕೆಲಸ ಮಾಡಿದ್ದೇನೆ. ಒಂದು ಆಸ್ಪತ್ರೆ ಮುಳುಗುವುದನ್ನು ಒಳಗಿನಿಂದ ನೋಡಿದ್ದೇನೆ. ಅದು ಬಾಡಿಗೆ ಕಟ್ಟಡದಲ್ಲೇ ಇತ್ತು. ಹೆಸರು, ಊರು ಹೇಳುವುದಿಲ್ಲ.

ಮೊದಲು ಲಿಫ್ಟು ಕೆಟ್ಟಿತು. ಎರಡರಲ್ಲಿ ಒಂದು ಮಾತ್ರ ಓಡುತ್ತಿತ್ತು. ರಿಪೇರಿಯವನು ಬರಲಿಲ್ಲ, ಅವನಿಗೆ ಹಳೇ ಬಾಕಿ ಇತ್ತು. ಆಮೇಲೆ ಬೆಡ್‌ಶೀಟ್ ಒಗೆಯುವವನು ಕೈ ಎತ್ತಿದ. ಮತ್ತೆ ಗ್ಲೌಸ್ ಬ್ರ್ಯಾಂಡ್ ಬದಲಾಯಿತು, ಹಾಕುವಾಗಲೇ ಹರಿಯುತ್ತಿತ್ತು. ಸಂಬಳ ಒಂದನೇ ತಾರೀಕಿನಿಂದ ಹತ್ತಕ್ಕೆ, ಹತ್ತರಿಂದ ಇಪ್ಪತ್ತಕ್ಕೆ. ಒಳ್ಳೆಯ ಸರ್ಜನ್ ಇಬ್ಬರು ಬಿಟ್ಟು ಹೋದರು. ಅವರ ಹಿಂದೆಯೇ ರೋಗಿಗಳೂ ಹೋದರು. ಆಮೇಲೆ ನಮಗೆ ಗೊತ್ತಾಯಿತು, ಅಲ್ಲಿಯವರೆಗೂ ಬಾಡಿಗೆ ಮಾತ್ರ ಒಂದು ತಿಂಗಳೂ ತಪ್ಪಿರಲಿಲ್ಲವಂತೆ.

ಅಂದರೆ ಧಣಿಯ ಪುಸ್ತಕದಲ್ಲಿ ಎಲ್ಲ ಸರಿ ಇತ್ತು. ನಾವು ಹರಿದ ಗ್ಲೌಸ್ ಹಾಕುತ್ತಿದ್ದೆವು.

ಲೆಕ್ಕದಕ್ಕ
ಸಿಸ್ಟರ್, ನಾನು ಬರೆದದ್ದಕ್ಕಿಂತ ನಿಮ್ಮದು ಜಾಸ್ತಿ ಉಪಯೋಗದ್ದು.

ಹಳೆ ಮಾಷ್ಟ್ರು
ಇನ್ನೊಂದು ಉಂಟು, ಸರಕಾರ. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿಯೇ ರದ್ದಾಯಿತು. ಉಳುವವನಿಗೆ ಭೂಮಿ. ಧಣಿಗಳ ಚಾವಡಿ ಖಾಲಿ. ನನ್ನ ಅಜ್ಜ ಗೇಣಿ ಕೊಡುತ್ತಿದ್ದವ, ಆ ದಿನ ಜಾಗದ ಒಡೆಯ ಆದ. ಈಚೆಗೆ ಇದೇ ವಿಷಯ ಅಮೆರಿಕದಲ್ಲೂ ನಡೆದದ್ದು ಓದಿದೆ. ಸ್ಟೀವರ್ಡ್ ಮುಳುಗಿದಾಗ ಮಸಾಚುಸೆಟ್ಸ್ ರಾಜ್ಯ ಬೋಸ್ಟನ್ನಿನ ಸೇಂಟ್ ಎಲಿಜಬೆತ್ ಆಸ್ಪತ್ರೆಯ ಜಾಗವನ್ನು ಕಾನೂನಿನ ಬಲದಿಂದ ವಶಕ್ಕೆ ತೆಗೆದುಕೊಂಡಿತು. 45 ಲಕ್ಷ ಡಾಲರ್ ಬೆಲೆ ಕಟ್ಟಿತು. 2025ರ ಜನವರಿಯಲ್ಲಿ ಅಲ್ಲಿ ಹೊಸ ಕಾನೂನೂ ಬಂತು. ಮುಖ್ಯ ಕಟ್ಟಡ ರೀಟಿನಿಂದ ಬಾಡಿಗೆಗೆ ಪಡೆದದ್ದಾದರೆ ಹೊಸ ಆಸ್ಪತ್ರೆಗೆ ಲೈಸೆನ್ಸೇ ಇಲ್ಲ. ಹಳೆಯವರಿಗೆ ವಿನಾಯಿತಿ.

ದುಬೈ ಉಪ್ಪಳ
ಅಲ್ಲಿಯೂ ಉಳುವವನೇ ಒಡೆಯ ಕಾನೂನು ಬಂತಾ 😂

ಪೆರ್ಲದ ಹುಡುಗ
ನಮ್ಮ ದೇಶದಲ್ಲಿ ಇಂಥದ್ದು ಇಲ್ವಾ?

ಕುಂಬಳೆ ಟ್ರೇಡರ್
ನಮ್ಮ ಶೇರುಪೇಟೆ ನಿಯಂತ್ರಕ ಸೆಬಿ ರೀಟ್ ನಿಯಮ ತಂದದ್ದು 2014ರಲ್ಲಿ. ಮೊದಲ ರೀಟ್ ಎಂಬೆಸಿ 2019ರಲ್ಲಿ ಲಿಸ್ಟ್ ಆಯಿತು. ಆಮೇಲೆ ಮೈಂಡ್‌ಸ್ಪೇಸ್, ಬ್ರೂಕ್‌ಫೀಲ್ಡ್, ನೆಕ್ಸಸ್ ಬಂದವು. ಎಲ್ಲ ಆಫೀಸು, ಮಾಲು. ಆಸ್ಪತ್ರೆಯದ್ದು ಬೇಕಾದರೆ ಹೊರಗೆ ಹೋಗಬೇಕು. ಸಾಲಕ್ಕೆ ನಮ್ಮಲ್ಲಿ ಮಿತಿ ಉಂಟು, ಆಸ್ತಿ ಬೆಲೆಯ ಶೇಕಡಾ 49.

ಲೆಕ್ಕದಕ್ಕ
ನಮ್ಮ ಆಸ್ಪತ್ರೆ ಕಟ್ಟಡಗಳೂ ಒಮ್ಮೆ ಹೊರಗೆ ಹೋಗಿದ್ದವು. ಫೋರ್ಟಿಸಿನ ಆಸ್ಪತ್ರೆ ಕಟ್ಟಡಗಳನ್ನು ರೆಲಿಗೇರ್ ಹೆಲ್ತ್ ಟ್ರಸ್ಟ್ ಅನ್ನುವ ಹೆಸರಿನಲ್ಲಿ 2012ರಲ್ಲಿ ಸಿಂಗಾಪುರದ ಪೇಟೆಯಲ್ಲಿ ಲಿಸ್ಟ್ ಮಾಡಿದ್ದರು. ಒಂದು ನಿಗದಿತ ಫೀ, ಜೊತೆಗೆ ಆಸ್ಪತ್ರೆ ಆದಾಯದಲ್ಲಿ ಪಾಲು. 2019ರ ಜನವರಿಯಲ್ಲಿ ಫೋರ್ಟಿಸ್ ಸುಮಾರು 4,650 ಕೋಟಿ ರೂಪಾಯಿಗೆ ಆ ಆಸ್ತಿಯನ್ನು ಮರಳಿ ಕೊಂಡಿತು. ಒಬ್ಬನೇ ಒಕ್ಕಲಿದ್ದ ಧಣಿ ಅದು. ಒಕ್ಕಲು ಜಾಗ ಕೊಂಡ ಮೇಲೆ ಧಣಿಯ ಕೈಯಲ್ಲಿ ನಗದು ಬಿಟ್ಟು ಬೇರೆ ಉಳಿಯಲಿಲ್ಲ.

ಎಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವೆಲ್‌ಟವರ್, ವೆಂಟಾಸ್ ಅಂತ ದೊಡ್ಡವರಿದ್ದಾರೆ. ಅವರದು ಹೆಚ್ಚಾಗಿ ಹಿರಿಯರ ವಸತಿ. 2020ರಲ್ಲಿ ಇಬ್ಬರೂ ಡಿವಿಡೆಂಡ್ ಕಡಿತ ಮಾಡಿದರು. ವೆಲ್‌ಟವರ್ 87 ಸೆಂಟಿನಿಂದ 61ಕ್ಕೆ ಇಳಿಸಿತು. ಕೈಯಲ್ಲಿ ದುಡ್ಡು ಉಳಿಸಿಕೊಳ್ಳಲು ಬೇಗ ಕತ್ತರಿ ಹಾಕಿದವರು ಆಮೇಲೆ ಚೇತರಿಸಿಕೊಂಡರು. ಕಡಿತ ಮಾಡಿದ ಕೂಡಲೇ ಕಂಪನಿ ಹಾಳು ಅಂತ ಅಲ್ಲ. ಮಾಡಬೇಕಾದಾಗ ಮಾಡದೆ ಎಳೆಯುವವರನ್ನು ನೋಡಿ ಹೆದರಬೇಕು.

ದುಬೈ ಉಪ್ಪಳ
ಮಾವ, ತೆರಿಗೆ ವಿಷಯ. ನೀವು ಊರಲ್ಲಿ ಇರುವವರು, ಅಮೆರಿಕ ಡಿವಿಡೆಂಡಿನಲ್ಲಿ ಶೇಕಡಾ 25 ಅಲ್ಲೇ ಹಿಡಿಯುತ್ತದೆ. ಅಳಿಯನಿಗೂ ಅಷ್ಟೇ.

ಲೆಕ್ಕದಕ್ಕ
ಅಳಿಯನಿಗೆ 30. ಭಾರತದ ಜೊತೆ ಅಮೆರಿಕಕ್ಕೆ ತೆರಿಗೆ ಒಪ್ಪಂದ ಉಂಟು, ಹಾಗಾಗಿ 25. ಯುಎಇ ಜೊತೆ ಅಂಥ ಒಪ್ಪಂದ ಇಲ್ಲ. ಅವನ 9 ಪರ್ಸೆಂಟ್ ಕೈಗೆ ಬರುವಾಗ 6.3 ಆಗಿರುತ್ತದೆ. ಇನ್ನೊಂದು, ಇದು ಯಾರಿಗೂ ಗೊತ್ತಿರುವುದಿಲ್ಲ. ಅಮೆರಿಕದ ಶೇರು 60,000 ಡಾಲರಿಗಿಂತ ಜಾಸ್ತಿ ಇಟ್ಟು ಹೊರದೇಶದವರು ತೀರಿಕೊಂಡರೆ ಅಲ್ಲಿ ಆಸ್ತಿ ತೆರಿಗೆ ಬೀಳುತ್ತದೆ, ಶೇಕಡಾ 40ರವರೆಗೆ.

ಮೈಲುತುತ್ತು
ಸತ್ತ ಮೇಲೂ ಬಿಡುವುದಿಲ್ಲ! ನಾನು ಮೊದಲೇ ಹೇಳಿದೆ, ಎಫ್‌ಡಿ.

ನೀರ್ಚಾಲಿನ ಮಾವ
ಎಲ್ಲ ಓದಿದೆ. ಅಳಿಯನಿಗೆ ಫೋನ್ ಮಾಡಿ ಕೇಳಿದೆ. ಬಾಡಿಗೆದಾರರ ಪಟ್ಟಿ ಉಂಟಾ ಅಂದೆ. ಕಳಿಸಿದ. ಒಬ್ಬನೇ ಬಾಡಿಗೆದಾರ ನೂರರಲ್ಲಿ 31. ಆ ಬಾಡಿಗೆದಾರನಿಗೆ ಕಂಪನಿ ಸಾಲವನ್ನೂ ಕೊಟ್ಟಿದೆ. "ಅದು ಒಳ್ಳೆಯದೇ ಮಾವ, ಸಂಬಂಧ ಗಟ್ಟಿ ಇರ್ತದೆ" ಅಂತಾನೆ.

ಒಂದು ವಿಷಯ ಹೇಳಲು ನಾಚಿಕೆ ಆಗುತ್ತದೆ. ನಮ್ಮ ಕಟ್ಟಡದ ಕೆಳಗಿನ ಮಾಳಿಗೆಯಲ್ಲಿ ಒಂದು ಸಣ್ಣ ಕ್ಲಿನಿಕ್ ಉಂಟು. ಬಾಡಿಗೆಗೆ ಕೊಟ್ಟು ಆರು ವರ್ಷ ಆಯಿತು. ಕಳೆದ ವರ್ಷ ಡಾಕ್ಟ್ರು ಬಂದು ಸ್ಕ್ಯಾನಿಂಗ್ ಮೆಷಿನಿಗೆ ಅಂತ ಎರಡು ಲಕ್ಷ ಕೈಸಾಲ ಕೇಳಿದರು. ಕೊಟ್ಟೆ. ಅಂದಿನಿಂದ ಬಾಡಿಗೆ ಸರಿಯಾಗಿ ಬರುತ್ತಿದೆ. ಮೆಷಿನ್ ಮಾತ್ರ ಇನ್ನೂ ಬಂದಿಲ್ಲ.

ಪೆರ್ಲದ ಹುಡುಗ
ಮಾವ 😂😂😂

ಲೆಕ್ಕದಕ್ಕ
ಮಾವ, ಬಾಡಿಗೆ ತಿಂಗಳಿಗೆ ಎಷ್ಟು?

ನೀರ್ಚಾಲಿನ ಮಾವ
ಹದಿನಾರು ಸಾವಿರ.

ಲೆಕ್ಕದಕ್ಕ
ಎರಡು ಲಕ್ಷಕ್ಕೆ ಹನ್ನೆರಡೂವರೆ ತಿಂಗಳು ಆಯಿತು. ಕೊಟ್ಟು ಎಷ್ಟಾಯಿತು?

ನೀರ್ಚಾಲಿನ ಮಾವ
ಈ ತಿಂಗಳಿಗೆ ಹನ್ನೊಂದು.

ಹಳೆ ಮಾಷ್ಟ್ರು
ನಿಮ್ಮ ದುಡ್ಡೇ ನಿಮಗೆ ಬಾಡಿಗೆಯಾಗಿ ಬರುತ್ತಿದೆ ಮಾರಾಯ್ರೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವರು!

ಸಿಸ್ಟರ್ ಮುಳ್ಳೇರಿಯ
ಮಾವ, ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಕೆಳಗೆ ಹೋಗಿ ಸುಮ್ನೆ ಬೆಂಚಿನಲ್ಲಿ ಕೂತುಕೊಳ್ಳಿ. ಟೋಕನ್ ಎಷ್ಟು ಆಗ್ತದೆ ಎಣಿಸಿ. ಔಷಧಿ ಕಪಾಟು ತುಂಬಿದೆಯಾ ನೋಡಿ. ಸಿಸ್ಟರ್ ಹತ್ತಿರ ಸಂಬಳ ಯಾವಾಗ ಆಯಿತು ಅಂತ ಕೇಳಿ, ಡಾಕ್ಟ್ರ ಹತ್ತಿರ ಅಲ್ಲ.

ಕುಂಬಳೆ ಟ್ರೇಡರ್
ಅಳಿಯನಿಗೆ ಎಂತ ಹೇಳಿದಿರಿ?

ನೀರ್ಚಾಲಿನ ಮಾವ
ಆ 31ರವನ ರೆಂಟ್ ಕವರೇಜ್ ಕಳಿಸು, ನೆರವಿನ ಹಣ ತೆಗೆದು ಕಳಿಸು ಅಂದೆ. ಎರಡು ದಿನ ಆಯಿತು, ಮೆಸೇಜ್ ನೀಲಿ ಗೆರೆ ಬಂದಿದೆ, ಉತ್ತರ ಇಲ್ಲ.

ನೀರ್ಚಾಲಿನ ಮಾವ
ಇವತ್ತು ಕೆಳಗೆ ಹೋಗಿ ಕೂತಿದ್ದೆ. ಹತ್ತರಿಂದ ಒಂದು ಗಂಟೆಯವರೆಗೆ ಏಳು ಟೋಕನ್. ಅದರಲ್ಲಿ ಒಂದು ನನ್ನದು. ಬಂದದ್ದೇ ಬಂದದ್ದು ಅಂತ ಬಿಪಿ ನೋಡಿಸಿದೆ. 160/100 ಉಂಟು.